ತಡ ಮಾಡಿದ್ದು ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಜಮೀನಿನ ಮಾತು ಬಂದ ಕಡೆಯೆಲ್ಲ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ವಕೀಲರ ಕಚೇರಿಯಲ್ಲೂ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರೆಯುವವರ ಮೇಜಿನ ಬಳಿಯೂ ಅದೇ ಮಾತು: "ತಾತ ಮಾರಿಕೊಂಡ ಜಮೀನು. ಇಪ್ಪತ್ತೈದು ಮೂವತ್ತು ವರ್ಷ ಸುಮ್ಮನಿದ್ದು, ಬೆಲೆ ಬಂದ ಮೇಲೆ ಮೊಮ್ಮಕ್ಕಳು ಪಿಟಿಸಿಎಲ್ ಕೇಸು ಹಾಕಿದರೆ ಅದು ಯಾವ ನ್ಯಾಯ? ಹೈಕೋರ್ಟು ವಜಾ ಮಾಡುತ್ತಿರುವುದು ಸರಿಯಾಗಿಯೇ ಇದೆ." ಜಮೀನು ಕೊಂಡವರಷ್ಟೇ ಹೀಗೆ ಹೇಳುವುದಿಲ್ಲ. ಮೀಸಲಾತಿಯನ್ನು ಒಪ್ಪುವವರು, ಅಂಬೇಡ್ಕರ್ ಜಯಂತಿಯ ವೇದಿಕೆಯಲ್ಲಿ ಮನಸಾರೆ ಮಾತಾಡುವವರು ಕೂಡ ಇಲ್ಲಿಗೆ ಬಂದಾಗ ಇದನ್ನೇ ಹೇಳುತ್ತಾರೆ.

ಇದರ ಬೆನ್ನಿಗೆ ಓದಿದವರ ನಂಬಿಕೆಯೊಂದಿದೆ. ಸಮಾನತೆಯ ಕಾನೂನು ಹುಟ್ಟುವುದು ದೆಹಲಿಯ ಸಂವಿಧಾನ ಪೀಠಗಳಲ್ಲಿ, ಹೈಕೋರ್ಟಿನ ನ್ಯಾಯಮೂರ್ತಿಗಳು ಅದನ್ನು ಕೆಳಗೆ ಅನ್ವಯಿಸುತ್ತಾರೆ ಅಷ್ಟೆ ಎಂಬುದು ಆ ನಂಬಿಕೆ. ಹಿಜಾಬ್, ಮೀಸಲಾತಿಯಂಥ ದೊಡ್ಡ ತೀರ್ಪು ಬಂದ ದಿನ ನಾವು ನ್ಯಾಯಾಲಯದ ಬಗ್ಗೆ ಮಾತಾಡುತ್ತೇವೆ. ಉಳಿದ ದಿನಗಳಲ್ಲಿ ಅಲ್ಲಿ ನಡೆಯುವುದು ಬರೀ ಕಂದಾಯದ ವ್ಯಾಜ್ಯ, ಕಾಗದ ಪತ್ರದ ತಕರಾರು ಎಂದುಕೊಳ್ಳುತ್ತೇವೆ.

ಎರಡೂ ತಪ್ಪು ಎಂಬುದು ನನ್ನ ವಾದ. ಕನಕಪುರದ ಒಂದು ದಲಿತ ಕುಟುಂಬಕ್ಕೆ ಸಂವಿಧಾನದ ಸಮಾನತೆ ಎಷ್ಟು ಗುಂಟೆಯ ಮಟ್ಟಿಗೆ ನಿಜ ಎನ್ನುವುದನ್ನು ತೀರ್ಮಾನಿಸುವುದು ಹೈಕೋರ್ಟೇ. ಅದನ್ನು ತೀರ್ಮಾನಿಸುವುದು ಘೋಷಣೆಗಳಿಂದಲ್ಲ. ತಡ ಎಂದರೇನು, ಯಾರ ತಡ, ಅದಕ್ಕೆ ದಂಡ ತೆರಬೇಕಾದವರು ಯಾರು ಎಂಬಂಥ, ಮೇಲುನೋಟಕ್ಕೆ ತಾಂತ್ರಿಕವಾಗಿ ಕಾಣುವ ಪ್ರಶ್ನೆಗಳಿಗೆ ಕೊಡುವ ಉತ್ತರದಿಂದ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಯ ವಿಷಯದಲ್ಲಿ ನಮ್ಮ ಹೈಕೋರ್ಟು ಕೊಟ್ಟಿರುವ ಉತ್ತರ ಸರಿಯಲ್ಲ.

ಮೊದಲು ಕಾಯ್ದೆಯನ್ನು ನೋಡೋಣ. ಹಳೆ ಮೈಸೂರಿನಲ್ಲಿ 'ಡಿಪ್ರೆಸ್ಡ್ ಕ್ಲಾಸ್' ಎಂದು ಸರ್ಕಾರ ಕರೆಯುತ್ತಿದ್ದ ಜಾತಿಗಳ ಜನರಿಗೆ ಗೋಮಾಳ, ಖರಾಬು ಮುಂತಾದ ಸರ್ಕಾರಿ ಜಮೀನಿನಲ್ಲಿ ಎರಡು, ಮೂರು, ನಾಲ್ಕು ಎಕರೆ ಮಂಜೂರು ಮಾಡುವ ಪದ್ಧತಿ ಸ್ವಾತಂತ್ರ್ಯಕ್ಕೂ ಮುಂಚಿನದು. ಸಾಗುವಳಿ ಚೀಟಿಯಲ್ಲಿ ಷರತ್ತು ಇರುತ್ತಿತ್ತು: ಪರಭಾರೆ ಮಾಡಕೂಡದು. ಕೆಲವಕ್ಕೆ 10 ವರ್ಷ, ಕೆಲವಕ್ಕೆ 15 ಅಥವಾ 20, ಕೆಲವಕ್ಕೆ ಎಂದೆಂದಿಗೂ. ಆದರೂ ಜಮೀನು ಕೈಬಿಟ್ಟು ಹೋಯಿತು. ಮಗಳ ಮದುವೆಗೆ, ಕಾಯಿಲೆಗೆ, ಬರಗಾಲದ ಹೊಟ್ಟೆಗೆ ಎಂದು ತಂದ ಸಾಲ ಭೋಗ್ಯವಾಯಿತು, ಭೋಗ್ಯ ಹೆಬ್ಬೆಟ್ಟಿನ ಕ್ರಯವಾಯಿತು. ಕೊಂಡವರು ಸಾಮಾನ್ಯವಾಗಿ ಅದೇ ಊರಿನವರು. ಮಾರಿದವನು ಮರುದಿನ ಕೂಲಿಗೆ ಹೋಗಬೇಕಾಗಿದ್ದುದು ಅವರ ಹೊಲಕ್ಕೇ.

ದೇವರಾಜ ಅರಸು ಸರ್ಕಾರ 1978ರಲ್ಲಿ ತಂದ, 1979ರ ಜನವರಿ 1ರಂದು ಜಾರಿಗೆ ಬಂದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ (ಪಿಟಿಸಿಎಲ್) ಈ ಸರಪಳಿಯನ್ನು ತುಂಡರಿಸಲು ಹೊರಟಿತು. ಮಂಜೂರಾತಿಯ ಷರತ್ತು ಮೀರಿ ನಡೆದ ಮಾರಾಟ, ಕಾಯ್ದೆಗೆ ಮುಂಚೆ ನಡೆದಿದ್ದರೂ ಅನೂರ್ಜಿತ ಎಂದು ಸೆಕ್ಷನ್ 4 ಹೇಳಿತು. ಇನ್ನು ಮುಂದೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ ಎಂದಿತು. ಸೆಕ್ಷನ್ 5ರ ಪ್ರಕಾರ ಉಪವಿಭಾಗಾಧಿಕಾರಿ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಬೇಕು.

ಈ ಸೆಕ್ಷನ್ 5ರಲ್ಲಿ ಬಹಳ ಮಂದಿ ಗಮನಿಸದ ಮೂರು ಮಾತುಗಳಿವೆ. ಒಂದು, ಉಪವಿಭಾಗಾಧಿಕಾರಿ ವಾರಸುದಾರನ ಅರ್ಜಿಗೆ ಕಾಯಬೇಕಾಗಿಲ್ಲ. ಯಾರೇ ಬರೆದು ತಿಳಿಸಿದರೂ ಸಾಕು. ಯಾರೂ ತಿಳಿಸದಿದ್ದರೂ ತಾನೇ ಸ್ವಯಂಪ್ರೇರಿತನಾಗಿ ಕ್ರಮ ತೆಗೆದುಕೊಳ್ಳಬಹುದು. ಎರಡು, ವಾರಸುದಾರರಿಗೆ ಮರಳಿಸುವುದು ಸಾಧ್ಯವಾಗದಿದ್ದರೆ ಜಮೀನು ಕೊಂಡವನ ಬಳಿ ಉಳಿಯುವುದಿಲ್ಲ. ಸರ್ಕಾರಕ್ಕೆ ಸೇರುತ್ತದೆ, ಸರ್ಕಾರ ಅದನ್ನು ಬೇರೊಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರು ಮಾಡಬಹುದು. ಮೂರು, ಮಂಜೂರಾದ ಜಮೀನು ಮಂಜೂರಾತಿದಾರನ ಕುಟುಂಬದ ಹೊರಗಿನವರ ಸ್ವಾಧೀನದಲ್ಲಿ ಕಂಡರೆ, ಅದು ಅನೂರ್ಜಿತ ಪರಭಾರೆಯಿಂದಲೇ ಬಂದದ್ದು ಎಂದು ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಸ್ವಾಧೀನದಲ್ಲಿರುವವನದು.

ಈ ಮೂರನ್ನೂ ಸೇರಿಸಿ ಓದಿದರೆ ಕಾಯ್ದೆಯ ಸ್ವಭಾವ ಗೊತ್ತಾಗುತ್ತದೆ. ಇದು ಇಬ್ಬರು ಖಾಸಗಿ ವ್ಯಕ್ತಿಗಳ ಆಸ್ತಿ ವ್ಯಾಜ್ಯದ ಕಾನೂನಲ್ಲ. ಇಡೀ ಒಂದು ಸಮುದಾಯದ ಕೈಯಲ್ಲಿ ನೆಲ ಉಳಿಯಬೇಕೆಂದು ರಾಜ್ಯ ತನ್ನ ಮೇಲೆ ತಾನೇ ಹೊರಿಸಿಕೊಂಡ ಕರ್ತವ್ಯ. ದುರ್ಬಲ ವರ್ಗಗಳ ಆರ್ಥಿಕ ಹಿತ ಕಾಯಬೇಕೆನ್ನುವ ಸಂವಿಧಾನದ 46ನೇ ವಿಧಿ ಇದರ ಬುಡ.

ಹಳೆಯ ಖರೀದಿದಾರರ ಗತಿಯೇನು ಎಂಬ ಪ್ರಶ್ನೆಗೂ ಉತ್ತರ ಆಗಲೇ ಸಿಕ್ಕಿತ್ತು. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೆ ಒಂದು ರಕ್ಷಣೆಯನ್ನೂ ಕೊಟ್ಟಿತು: ಕಾಯ್ದೆ ಜಾರಿಗೆ ಬರುವ ಮುಂಚೆಯೇ ದೀರ್ಘಕಾಲದ ನಿರಂತರ ಅನುಭೋಗದಿಂದ ಕಾನೂನಿನ ಪ್ರಕಾರ ಹಕ್ಕು ಪಕ್ವವಾಗಿದ್ದರೆ, ಅಂಥ ಜಮೀನಿಗೆ ಕಾಯ್ದೆ ತಾಗುವುದಿಲ್ಲ. 1995ರ ಆರ್. ಚಂದೇವರಪ್ಪ ಪ್ರಕರಣದಲ್ಲಿ ಖರೀದಿದಾರ ಪ್ರತಿಕೂಲ ಸ್ವಾಧೀನದ ವಾದ ಎತ್ತಿದಾಗ ಅದೇ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ದಲಿತರಿಗೆ ಕೊಟ್ಟ ನೆಲವನ್ನು ಆರ್ಥಿಕ ನ್ಯಾಯದ ಮೂಲಭೂತ ಪ್ರಶ್ನೆಯಾಗಿ ಕಂಡಿತು. ಕಾಲದ ಲೆಕ್ಕ ಕಾಯ್ದೆಯೊಳಗೆ ಹೀಗೆ ಒಮ್ಮೆ ಮುಗಿದಿತ್ತು. ನಿಜವಾಗಿ ಹಳೆಯ ಹಕ್ಕುಗಳಿಗೆ ಆಗಲೇ ಗೇಟು ತೆರೆದಿತ್ತು. ಆಮೇಲೆ ನ್ಯಾಯಾಲಯಗಳು ತೆರೆದದ್ದು ಎರಡನೆಯ ಗೇಟನ್ನು.

ಅದು ತೆರೆದದ್ದು 2017ರ ಅಕ್ಟೋಬರ್‌ನಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ. ಕಾಯ್ದೆ ಜಾರಿಗೆ ಬಂದು ಸುಮಾರು 25 ವರ್ಷಗಳಾದ ಮೇಲೆ ವಾರಸುದಾರರು ಅರ್ಜಿ ಹಾಕಿದ್ದರು. ಸೆಕ್ಷನ್ 5ರಲ್ಲಿ ಕಾಲಾವಧಿ ನಮೂದಾಗಿಲ್ಲ, ಹಾಗಿರುವಾಗ ಸಮಂಜಸ ಕಾಲದೊಳಗೆ ಕ್ರಮ ಆಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಚಿಕ್ಕ ತೀರ್ಪು. ಸಮಂಜಸ ಕಾಲ ಎಂದರೆ ಎಷ್ಟು ಎಂದು ಅದು ವರ್ಷ ಎಣಿಸಿ ಹೇಳಲಿಲ್ಲ. ಆ ಖಾಲಿ ಜಾಗ ತುಂಬುವ ಕೆಲಸ ಹೈಕೋರ್ಟಿಗೆ ಬಂತು.

ಹೈಕೋರ್ಟಿನ ನಿಜವಾದ ಅಧಿಕಾರ ಇಲ್ಲಿದೆ. ಪಿಟಿಸಿಎಲ್ ಪ್ರಕರಣ ಉಪವಿಭಾಗಾಧಿಕಾರಿಯ ಬಳಿ ಶುರುವಾಗುತ್ತದೆ, ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗುತ್ತದೆ. ಅಲ್ಲಿಂದ ಮುಂದೆ ಸಿವಿಲ್ ಕೋರ್ಟಿಲ್ಲ. ರಿಟ್ ಅರ್ಜಿಯ ಮೂಲಕ ಹೈಕೋರ್ಟಿನ ಏಕಸದಸ್ಯ ಪೀಠ, ಆಮೇಲೆ ರಿಟ್ ಮೇಲ್ಮನವಿಯಲ್ಲಿ ವಿಭಾಗೀಯ ಪೀಠ. ಮಾಗಡಿಯ ಕೂಲಿಕಾರರ ಮಗ ದೆಹಲಿಯಲ್ಲಿ ವಕೀಲರನ್ನಿಟ್ಟು ವಿಶೇಷ ಅನುಮತಿ ಅರ್ಜಿ ಹಾಕುವುದು ತೀರ ಅಪರೂಪ. ಅವನ ಪಾಲಿಗೆ ಬೆಂಗಳೂರಿನ ಕೆಂಪು ಕಟ್ಟಡವೇ ಸಂವಿಧಾನದ ಕೊನೆಯ ಮೆಟ್ಟಿಲು. ಹೈಕೋರ್ಟು ಬರೀ ಅನ್ವಯಿಸುತ್ತದೆ ಎನ್ನುವವರು ಈ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು. 'ಸಮಂಜಸ' ಎಂಬ ಅಳತೆಯಿಲ್ಲದ ಮಾತಿಗೆ ಅಳತೆ ಕೊಡುವವರೇ ಅಲ್ಲಿ ಕಾನೂನು ಮಾಡುವವರು. 2017ರ ನಂತರ ಹೈಕೋರ್ಟಿನ ಪೀಠಗಳು ವಿಳಂಬದ ಒಂದೇ ಕಾರಣಕ್ಕೆ ವಾರಸುದಾರರ ಅರ್ಜಿಗಳನ್ನು, ಅವರ ಪರ ಆಗಿದ್ದ ಆದೇಶಗಳನ್ನು ಒಂದರ ಹಿಂದೊಂದು ರದ್ದು ಮಾಡಿದವು. ಜಮೀನು ಮಂಜೂರಾದದ್ದೇ, ಷರತ್ತು ಇತ್ತೇ, ಷರತ್ತು ಮುರಿಯಿತೇ ಎಂಬ ಮೂಲ ಪ್ರಶ್ನೆಗಳು ಪಕ್ಕಕ್ಕೆ ಸರಿದವು. ಇಸವಿಗಳ ನಡುವಿನ ವ್ಯವಕಲನವೇ ತೀರ್ಪಾಗತೊಡಗಿತು.

ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. 2023ರ ಜುಲೈನಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಯಡಿ ಹಕ್ಕು ಕೇಳಲು ಕಾಲಮಿತಿ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದು ಸೆಕ್ಷನ್ 5ಕ್ಕೆ ಸೇರಿಸಿತು. ಶಾಸಕಾಂಗ ಏನು ಹೇಳುತ್ತಿದೆ ಎಂಬುದರಲ್ಲಿ ಯಾವ ಮುಸುಕೂ ಇರಲಿಲ್ಲ. ನೆಕ್ಕಂಟಿ ತೀರ್ಪಿಗೆ ಸದನ ಕೊಟ್ಟ ನೇರ ಉತ್ತರ ಅದು.

ಮರುವರ್ಷ, 2024ರ ಜುಲೈನಲ್ಲಿ, ಹಾವೇರಿ ಜಿಲ್ಲೆಯಿಂದ ಬಂದ ಗೌರಮ್ಮ ಪ್ರಕರಣದಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಈ ಉತ್ತರವನ್ನು ಓದಿದ ರೀತಿ ಹೀಗಿದೆ: ತಿದ್ದುಪಡಿ ತೆಗೆದುಹಾಕಿದ್ದು ಕಾಲಮಿತಿಯನ್ನು, ಅದು ಮೊದಲೂ ಇರಲಿಲ್ಲ, ಆದ್ದರಿಂದ ತಿದ್ದುಪಡಿ ಇದ್ದದ್ದನ್ನೇ ಮತ್ತೆ ಹೇಳಿದೆ. ವಿಳಂಬ ಮತ್ತು ಉಪೇಕ್ಷೆಯ ತತ್ವ, ವಕೀಲರು ಲ್ಯಾಚಸ್ ಎನ್ನುವುದು, ಬೇರೆ ವಿಷಯ. ಅದು ನ್ಯಾಯಾಧೀಶರು ಬೆಳೆಸಿದ ಸಮನ್ಯಾಯದ ತತ್ವ. ಶಾಸನ ಅದನ್ನು ಮುಟ್ಟಿಲ್ಲ, ಹಾಗಾಗಿ ನೆಕ್ಕಂಟಿ ತೀರ್ಪು ಹಾಗೆಯೇ ನಿಂತಿದೆ.

ನ್ಯಾಯಾಂಗದ ಮೇಲಿನ ಗೌರವವನ್ನು ಕಿಂಚಿತ್ತೂ ಕಡಿಮೆ ಮಾಡಿಕೊಳ್ಳದೆ ಹೇಳುತ್ತೇನೆ: ಈ ಓದು ನಿಲ್ಲುವುದಿಲ್ಲ. ಮೂರು ಕಾರಣಗಳಿವೆ.

ಮೊದಲನೆಯದು ನೆಕ್ಕಂಟಿ ತೀರ್ಪಿನ ಆಧಾರದ್ದು. ಆ ತೀರ್ಪು ನಿಂತಿದ್ದು ಕಾಯ್ದೆಯ ಮೌನದ ಮೇಲೆ. ಕಾಲಾವಧಿ ಹೇಳಿಲ್ಲ, ಆದ್ದರಿಂದ ಸಮಂಜಸ ಕಾಲ ಎಂಬುದು ಅದರ ತರ್ಕ. ಸದನ ಆ ಮೌನವನ್ನು ಮುರಿದು ಮಾತಾಡಿದ ಮೇಲೆ ತರ್ಕದ ಕಾಲ ಕೆಳಗಿನ ನೆಲವೇ ಇಲ್ಲ. ತೀರ್ಪಿನ ಆಧಾರವನ್ನು ಶಾಸನದ ಮೂಲಕ ತೆಗೆದುಹಾಕುವ ಅಧಿಕಾರ ಶಾಸಕಾಂಗಕ್ಕೆ ಇದೆ ಎಂಬುದು 1969ರ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಿಂದ ಈಚೆಗೆ ಸ್ಥಿರಪಟ್ಟ ತತ್ವ. ಸದನ ಕಷ್ಟಪಟ್ಟು ತಂದ ತಿದ್ದುಪಡಿಗೆ ಯಾವ ಪರಿಣಾಮವೂ ಇಲ್ಲ ಎಂದು ಹೇಳುವಂಥ ಅರ್ಥವನ್ನು ಕಟ್ಟಕಡೆಗೆ ಮಾತ್ರ ಆರಿಸಿಕೊಳ್ಳಬೇಕು. ಇಲ್ಲಿ ಅದನ್ನೇ ಮೊದಲು ಆರಿಸಿಕೊಳ್ಳಲಾಯಿತು.

ಎರಡನೆಯದು ಉಪೇಕ್ಷೆಯ ತತ್ವ ಎಲ್ಲಿ ಸಲ್ಲುತ್ತದೆ ಎಂಬುದು. ನ್ಯಾಯಾಲಯದ ವಿವೇಚನೆಯ ನೆರವನ್ನು ಕೇಳಿ ಬಂದವನು ತಡ ಮಾಡಿದ್ದರೆ ಅವನಿಗೆ ನೆರವು ನಿರಾಕರಿಸಬಹುದು. ಅದು ಆ ತತ್ವದ ಜಾಗ. 226ನೇ ವಿಧಿಯಡಿ ಹೈಕೋರ್ಟಿಗೆ ತಡವಾಗಿ ಬಂದವನನ್ನು ಅದು ತಡೆಯಬಹುದು. ಉಪವಿಭಾಗಾಧಿಕಾರಿಯ ಮುಂದೆ ನಿಂತಿರುವ ವಾರಸುದಾರ ಅಂಥ ವಿವೇಚನೆಯ ಕೃಪೆ ಕೇಳುತ್ತಿಲ್ಲ. ಶಾಸನ ಅನೂರ್ಜಿತ ಎಂದು ಸಾರಿದ ಮಾರಾಟದ ಫಲವನ್ನು ಶಾಸನವೇ ನೇಮಿಸಿದ ಅಧಿಕಾರಿಯ ಬಳಿ ಕೇಳುತ್ತಿದ್ದಾನೆ. ಎಷ್ಟೋ ಪ್ರಕರಣಗಳಲ್ಲಿ ಹೈಕೋರ್ಟಿಗೆ ಬಂದವನು ಕೆಳಗೆ ಸೋತ ಖರೀದಿದಾರ. ಸಮನ್ಯಾಯ ಕೇಳುತ್ತಿರುವವನು ಅವನು. ಕಾನೂನು ಮುರಿದು ಕೊಂಡ ಜಮೀನನ್ನು ಉಳಿಸಿಕೊಳ್ಳಲು ಕೇಳುತ್ತಿದ್ದಾನೆ. ಪರೀಕ್ಷೆ ಅವನದಾಗಬೇಕಿತ್ತು, ಆದದ್ದು ಎದುರಿನವನದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ತಡ ಮಾಡಿದ್ದು ಯಾರು? 1979ರಿಂದ ಈಚೆಗೆ ಸ್ವಯಂಪ್ರೇರಿತ ಕ್ರಮದ ಅಧಿಕಾರ ಉಪವಿಭಾಗಾಧಿಕಾರಿಯ ಕೈಯಲ್ಲಿತ್ತು. ಮಂಜೂರಾತಿ ರಿಜಿಸ್ಟರು, ಪಹಣಿ, ಮ್ಯುಟೇಷನ್ ಎಲ್ಲವೂ ಸರ್ಕಾರದ ಬಳಿಯೇ ಇದ್ದವು. ಯಾವ ಸರ್ವೆ ನಂಬರು ಯಾರಿಗೆ ಯಾವ ಷರತ್ತಿನ ಮೇಲೆ ಕೊಟ್ಟದ್ದು, ಈಗ ಯಾರ ಹೆಸರಿನಲ್ಲಿದೆ ಎಂದು ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ಕೂತು ಹೊಂದಿಸಿ ನೋಡಬಹುದಿತ್ತು. ಷರತ್ತು ಮೀರಿದ ಕ್ರಯಪತ್ರವನ್ನು ನೋಂದಾಯಿಸಿದ್ದೂ ಖಾತೆ ಬದಲಿಸಿದ್ದೂ ಸರ್ಕಾರದ ಕಚೇರಿಗಳೇ. ರಾಜ್ಯ ನಾಲ್ಕು ದಶಕ ಮಾಡದ ಕೆಲಸಕ್ಕೆ ಅಕ್ಷರ ಕಲಿಯದ ಕೂಲಿಕಾರನ ಮೊಮ್ಮಗನನ್ನು ಹೊಣೆ ಮಾಡುವುದು ಯಾವ ಸಮನ್ಯಾಯ? ಸೆಕ್ಷನ್ 5ರ ಬಗ್ಗೆ ಮೇಲೆ ಹೇಳಿದ ಎರಡನೆಯ ಮಾತನ್ನೂ ಇಲ್ಲಿ ನೆನೆಯಬೇಕು. ವಾರಸುದಾರ ಉಪೇಕ್ಷೆ ಮಾಡಿದ ಎಂದೇ ಇಟ್ಟುಕೊಂಡರೂ ಕಾಯ್ದೆಯ ಪ್ರಕಾರ ಜಮೀನು ಖರೀದಿದಾರನಿಗೆ ಉಳಿಯಬಾರದು, ಸರ್ಕಾರದ ಮೂಲಕ ಇನ್ನೊಬ್ಬ ಭೂಹೀನ ದಲಿತನಿಗೆ ಹೋಗಬಹುದಾದದ್ದು ಅದು. ಒಬ್ಬನ ತಪ್ಪಿಗೆ ಸಮುದಾಯದ ಹಕ್ಕು ಅಳಿಯುವಂತೆ ಮಾಡಲು ಈ ಕಾಯ್ದೆಯಲ್ಲಿ ದಾರಿಯೇ ಇಲ್ಲ.

'ಬೆಲೆ ಬಂದ ಮೇಲೆ ಎಚ್ಚರಾದರು' ಎನ್ನುವ ಮಾತನ್ನೂ ಪರೀಕ್ಷಿಸಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಚರಿತ್ರೆ ಕಳೆದ 30 ವರ್ಷಗಳಲ್ಲಿ ಭೂಮಿಯ ಬೆಲೆಯ ಚರಿತ್ರೆಯೇ. ತೊಂಬತ್ತರ ದಶಕದ ಕೊನೆಗೆ ಬಿಡದಿಗೆ ಟೊಯೊಟಾ ಬಂತು. ಕನಕಪುರ ರಸ್ತೆ, ಮಾಗಡಿ ರಸ್ತೆಗಳ ಉದ್ದಕ್ಕೂ ಬಡಾವಣೆಗಳು ಬಂದವು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದದ್ದರಿಂದ ಕೃಷಿಕರಲ್ಲದವರೂ ಹೊಲ ಕೊಳ್ಳುವಂತಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಚಿವ ಸಂಪುಟ ಒಪ್ಪಿತು. ಆಗ ಕೇಳಿಬಂದ ಸಮರ್ಥನೆಗಳಲ್ಲಿ ಜಮೀನಿಗೆ ಬೆಲೆ ಬರುತ್ತದೆ ಎಂಬುದೂ ಒಂದು. ಬೆಲೆ ಏರಲೆಂದು ಜಿಲ್ಲೆಯ ಹೆಸರು ಬದಲಿಸುವುದು ಅಭಿವೃದ್ಧಿ ಎನಿಸಿಕೊಳ್ಳುತ್ತದೆ, ಬೆಲೆ ಏರಿದ ನೆಲದಲ್ಲಿ ತನ್ನ ಪಾಲು ಕೇಳುವ ದಲಿತ ದುರಾಸೆಯವನು ಎನಿಸಿಕೊಳ್ಳುತ್ತಾನೆ. ಇದನ್ನು ಒಪ್ಪಲಾಗದು.

ಇನ್ನು, ಎಚ್ಚರಾಗಲು ತಡವಾದದ್ದಕ್ಕೆ ನಮ್ಮ ಹಳ್ಳಿಗಳಲ್ಲಿ ಕಾರಣಗಳು ಕಣ್ಣೆದುರಿಗೇ ಇವೆ. ಜಿಲ್ಲೆಯ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಪರಿಶಿಷ್ಟ ಜಾತಿಯವರು. ಜೊತೆಗೆ ಮಾಗಡಿ, ಕನಕಪುರ, ರಾಮನಗರದ ಬೆಟ್ಟದ ತಪ್ಪಲುಗಳಲ್ಲಿ ಇರುಳಿಗರಿದ್ದಾರೆ. ಸಾಗುವಳಿ ಚೀಟಿ ಗುಡಿಸಲಿನ ಗಳುವಿಗೆ ಸಿಕ್ಕಿಸಿದ್ದು ಗೆದ್ದಲು ತಿಂದಿರುತ್ತದೆ. ಕೊಂಡವನು ಊರಿನ ಯಜಮಾನ. ಅವನ ಮೇಲೆ ಕೇಸು ಹಾಕಿದರೆ ರೇಷ್ಮೆ ತೋಟದ ಕೂಲಿ ನಿಲ್ಲುತ್ತದೆ, ಕೈಸಾಲ ನಿಲ್ಲುತ್ತದೆ, ಹೊಲಕ್ಕೆ ಹೋಗುವ ದಾರಿ ನಿಲ್ಲುತ್ತದೆ. ಮೊದಲ ತಲೆಮಾರು ಬದುಕುವುದರಲ್ಲೇ ಸವೆಯಿತು. ಎರಡನೆಯದು ಓದಲು ಕಲಿಯಿತು. ಮೂರನೆಯ ತಲೆಮಾರಿನ ಹುಡುಗಿ ಬಿಡದಿಯ ಕಾರ್ಖಾನೆಯಲ್ಲಿ ಸಂಬಳಕ್ಕೆ ಸೇರಿ, ಯಜಮಾನನ ಕೂಲಿಯ ಹಂಗಿನಿಂದ ಹೊರಬಂದ ಮೇಲೆ ಮೊದಲ ಬಾರಿಗೆ ಪಹಣಿ ತೆಗೆಸುತ್ತಾಳೆ. ಕಾಯ್ದೆ ಯಾವ ಅಸಮಾನತೆಯನ್ನು ಸರಿಪಡಿಸಲು ಬಂತೋ ಅದೇ ಅಸಮಾನತೆ ಅವರನ್ನು ತಡಮಾಡಿಸಿತು. ಆ ತಡವನ್ನೇ ಅವರ ವಿರುದ್ಧ ಎಣಿಸಿದರೆ ರೋಗವೇ ಔಷಧಿಯನ್ನು ತಡೆದಂತಾಯಿತು.

ಎದುರು ವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕೊಂಡವರೆಲ್ಲ ಜಮೀನ್ದಾರರಲ್ಲ. ಎರಡು ಎಕರೆ ಕೊಂಡು, ಕೊಳವೆಬಾವಿ ಕೊರೆಸಿ, ಹಿಪ್ಪುನೇರಳೆ ಬೆಳೆದು, ಮಕ್ಕಳನ್ನು ಓದಿಸಿದ ಸಣ್ಣ ರೈತರೂ ಇದ್ದಾರೆ. ಅವರು ಯಾರಿಂದಲೋ ಕೊಂಡ ಮೂರನೆಯ ಕೈ. ಮೊದಲ ಮಾರಾಟದ ದೋಷ ಅವರಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕಡೆ, ವಾರಸುದಾರರ ಹೆಸರಿನಲ್ಲಿ ಮಧ್ಯವರ್ತಿಗಳು ದುಡ್ಡು ಹೂಡಿ ಕೇಸು ಹಾಕಿಸಿ, ರಾಜಿಯ ಹಣದಲ್ಲಿ ಸಿಂಹಪಾಲು ಹೊಡೆಯುವುದೂ, ಮರಳಿ ಸಿಕ್ಕ ಜಮೀನನ್ನು ಮತ್ತೆ ಮಾರಿ ಮತ್ತೆ ಅರ್ಜಿ ಹಾಕುವುದೂ ನಡೆದಿದೆ. ನ್ಯಾಯಮೂರ್ತಿಗಳ ಮುಂದೆ ಇಂಥವು ಬಂದಾಗ ಅವರು ಬೇಸರಗೊಳ್ಳುವುದು ಸಹಜ.

ದುರುಪಯೋಗಕ್ಕೆ ಮದ್ದು ಆಯಾ ಪ್ರಕರಣದಲ್ಲೇ ಇದೆ. ಮರಳಿ ಪಡೆದದ್ದನ್ನು ಮತ್ತೆ ಮಾರಿದವನಿಗೆ ಜಮೀನು ಕೊಡಬೇಡಿ. ಸರ್ಕಾರಕ್ಕೆ ವಹಿಸಿ ಭೂಹೀನನಿಗೆ ಮಂಜೂರು ಮಾಡಿಸಿ, ಸೆಕ್ಷನ್ 5ರಲ್ಲಿ ಅದಕ್ಕೆ ದಾರಿಯಿದೆ. ಮಧ್ಯವರ್ತಿಯ ರಾಜಿ ಪತ್ರಗಳಿಗೆ ಮಾನ್ಯತೆ ಕೊಡಬೇಡಿ. ಸಣ್ಣ ಖರೀದಿದಾರನ ಕಷ್ಟ ನಿಜವಾದದ್ದು, ಅದಕ್ಕೆ ಉತ್ತರ ಕೊಡಬೇಕಾದದ್ದು ಆ ಪತ್ರವನ್ನು ನೋಂದಾಯಿಸಿ, ಮುದ್ರಾಂಕ ಶುಲ್ಕ ವಸೂಲು ಮಾಡಿ, ಖಾತೆ ಮಾಡಿಕೊಟ್ಟ ಸರ್ಕಾರ. ಪರಿಹಾರವೋ ಪರ್ಯಾಯ ಭೂಮಿಯೋ ಸರ್ಕಾರದ ಬೊಕ್ಕಸದಿಂದ ಬರಲಿ. ಆ ಕಷ್ಟವನ್ನು ಇಳಿಸಲು ದಲಿತನ ಜಮೀನನ್ನು ಬಳಸುವುದು ಬೇಡ. ಇಪ್ಪತ್ತು ಸೈಟು ಮಾಡಿ ಮಾರಿದ ಡೆವಲಪರ್‌ನನ್ನೂ ಹಿಪ್ಪುನೇರಳೆಯ ರೈತನನ್ನೂ ಒಂದೇ ವಿಳಂಬದ ನಿಯಮದ ಕೆಳಗೆ ರಕ್ಷಿಸಿದಾಗ ಹೆಚ್ಚು ಲಾಭ ಆಗುವುದು ರೈತನಿಗಲ್ಲ.

ಹೈಕೋರ್ಟಿಗೆ ಬೇರೆ ದಾರಿ ಇರಲಿಲ್ಲ, ಮೇಲಿನ ನ್ಯಾಯಾಲಯ ಹೇಳಿಯಾಗಿತ್ತು ಎಂಬ ಸಮರ್ಥನೆಯಿದೆ. ಇದಕ್ಕೆ ಉತ್ತರ ನಮ್ಮ ಹೈಕೋರ್ಟಿನ ಇನ್ನೊಂದು ಕೆಲಸದಲ್ಲೇ ಸಿಗುತ್ತದೆ, ಅದು ಈ ನ್ಯಾಯಾಲಯ ಹೆಮ್ಮೆಪಡಬೇಕಾದ ಕೆಲಸ.

ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯಲ್ಲಿ ಹಳೆ ಮೈಸೂರು ಮುಂದಿತ್ತು. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ವಿಭಾಗದಲ್ಲಿ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕರ್ನಾಟಕ 1994ರಲ್ಲಿ ಮಗಳನ್ನು ಕೂಡುಕುಟುಂಬದ ಆಸ್ತಿಯಲ್ಲಿ ಸಹಭಾಗಿಯನ್ನಾಗಿಸಿತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. ಆಗ ಬಂದದ್ದು ಬೆಳಗಾವಿಯ ಫುಲಾವತಿ ಪ್ರಕರಣ. ತಂದೆ 1988ರಲ್ಲೇ ತೀರಿಕೊಂಡಿದ್ದರು, ದಾವೆ 1992ರದ್ದು. 2005ರ ಹಕ್ಕು ಈ ಮಗಳಿಗೆ ಸಲ್ಲುತ್ತದೆಯೇ? ಸಲ್ಲುತ್ತದೆ, ಬಾಕಿ ಇರುವ ದಾವೆಗೂ ಹೊಸ ಕಾನೂನು ಅನ್ವಯ ಎಂದು ಕರ್ನಾಟಕ ಹೈಕೋರ್ಟು 2010ರಲ್ಲಿ ಹೇಳಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುವಿಹಾಕಿತು. ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿತ್ತು ಎಂದಿತು. ಐದು ವರ್ಷ ದೇಶದ ಎಷ್ಟೋ ಹೆಣ್ಣುಮಕ್ಕಳು ಆ ಕಾರಣಕ್ಕೆ ಸೋತರು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2015ರ ತೀರ್ಪನ್ನು ಬದಿಗಿಟ್ಟು, ತಂದೆ ಬದುಕಿದ್ದರೋ ಇಲ್ಲವೋ ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದಿತು. ತಂದೆಯ ಸಾವು ಮಗಳ ಹಕ್ಕಿಗೆ ಅಡ್ಡಿಯಲ್ಲ ಎಂದು ನಮ್ಮ ಹೈಕೋರ್ಟು ಹತ್ತು ವರ್ಷ ಮುಂಚೆಯೇ ಕಂಡಿತ್ತು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇದು. ಎರಡರಲ್ಲೂ ಪ್ರಶ್ನೆ ಕಾಲದ್ದು. ಎರಡರಲ್ಲೂ ಹಳೆಯ ಅನ್ಯಾಯವನ್ನು ಸರಿಪಡಿಸಲು ಹೊಸ ಶಾಸನ ಬಂದಿತ್ತು. ಎರಡರಲ್ಲೂ ಇತ್ಯರ್ಥವಾದ ವ್ಯವಹಾರ ಕದಡುತ್ತದೆ ಎಂಬ ಆತಂಕವಿತ್ತು. ಎರಡರಲ್ಲೂ ಆ ಆತಂಕಕ್ಕೆ ಕಾನೂನಿನೊಳಗೇ ಉತ್ತರವಿತ್ತು: ಉತ್ತರಾಧಿಕಾರದ ಕಾಯ್ದೆ 2004ರ ಡಿಸೆಂಬರ್ 20ಕ್ಕೆ ಮುಂಚಿನ ವಿಭಾಗಗಳನ್ನು ಕಾಪಾಡಿತು, ಪಿಟಿಸಿಎಲ್‌ನಲ್ಲಿ 1979ಕ್ಕೆ ಮುಂಚೆ ಪಕ್ವವಾದ ಹಕ್ಕುಗಳಿಗೆ 1984ರ ತೀರ್ಪು ರಕ್ಷಣೆ ಕೊಟ್ಟಿತು. ಮಗಳ ವಿಷಯದಲ್ಲಿ ನ್ಯಾಯಾಲಯ ಕೊನೆಗೆ ಶಾಸನದ ಗೆರೆಯನ್ನು ಗೌರವಿಸಿ ತನ್ನದೊಂದು ಗೆರೆ ಎಳೆಯದೆ ಉಳಿಯಿತು. ದಲಿತನ ವಿಷಯದಲ್ಲಿ ತನ್ನದೇ ಗೆರೆ ಎಳೆಯಿತು, ಶಾಸಕಾಂಗ ಅಳಿಸಿದ ಮೇಲೂ ಮತ್ತೆ ಎಳೆಯಿತು. ಹಾಗಾಗಿ ದಾರಿ ಇರಲಿಲ್ಲ ಎನ್ನುವುದು ನಿಲ್ಲುವ ಮಾತಲ್ಲ. ಕಾಲವನ್ನು ಹಕ್ಕಿನ ಪರವಾಗಿ ಓದುವ ದಾರಿ ಈ ಹೈಕೋರ್ಟಿಗೆ ಗೊತ್ತಿತ್ತು. 2010ರಲ್ಲಿ ಅದು ಆ ದಾರಿಯಲ್ಲಿ ಧೈರ್ಯವಾಗಿ ನಡೆದಿತ್ತು.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮಗಳ ಮೌನ ಏಕೆ ಎಂಬುದು ನ್ಯಾಯಪೀಠದಲ್ಲಿ ಕೂತವರ ಮನೆಯ ಅನುಭವಕ್ಕೆ ನಿಲುಕುತ್ತದೆ. ಅರಿಶಿನ ಕುಂಕುಮದ ಹೆಸರಿನಲ್ಲಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದನ್ನು ಎಲ್ಲ ಜಾತಿಯವರೂ ಕಂಡಿದ್ದಾರೆ. ಹೊಲೆಗೇರಿಯ ಮೌನ ಹಾಗೆ ನಿಲುಕುವುದಿಲ್ಲ. 2018ರಿಂದ 2022ರವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದ ನ್ಯಾಯಮೂರ್ತಿಗಳಲ್ಲಿ ಸುಮಾರು ಶೇ 79ರಷ್ಟು ಮಂದಿ ಸಾಮಾನ್ಯ ವರ್ಗದವರು, ಪರಿಶಿಷ್ಟ ಜಾತಿಯವರು ಶೇ 3ನ್ನೂ ಮುಟ್ಟಿಲ್ಲ ಎಂದು ಕೇಂದ್ರ ನ್ಯಾಯ ಇಲಾಖೆಯೇ ಸಂಸದೀಯ ಸಮಿತಿಗೆ ತಿಳಿಸಿದೆ. ಜಾತಿ ನೋಡಿ ತೀರ್ಪು ಬರೆಯುತ್ತಾರೆಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಹಿಂದುಳಿದವರ ಪ್ರಾತಿನಿಧ್ಯಕ್ಕೆ ದಾರಿ ತೆರೆದ 1918ರ ಸಮಿತಿಯ ಮುಖ್ಯಸ್ಥ ಲೆಸ್ಲಿ ಮಿಲ್ಲರ್ ಮೈಸೂರಿನ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು, ಈ ನೆಲದವರೂ ಆಗಿರಲಿಲ್ಲ. ಕೇಳಿ ತಿಳಿಯುವ ಮನಸ್ಸಿದ್ದರೆ ಯಾರಿಗೂ ತಿಳಿಯುತ್ತದೆ. ಆದರೆ 'ಇಷ್ಟು ವರ್ಷ ಏಕೆ ಸುಮ್ಮನಿದ್ದೆ' ಎಂಬ ಪ್ರಶ್ನೆಗೆ ತನ್ನ ತಾತನ ಬದುಕಿನಿಂದಲೇ ಉತ್ತರ ಗೊತ್ತಿರುವವರು ಪೀಠದಲ್ಲಿ ಇದ್ದರೆ, ಆ ಪ್ರಶ್ನೆ ಅಷ್ಟು ಸುಲಭವಾಗಿ ತೀರ್ಪಿನ ಕೊನೆಯ ಸಾಲಾಗುವುದಿಲ್ಲ. ನೇಮಕಾತಿಯ ವೈವಿಧ್ಯ ಅಲಂಕಾರವಲ್ಲ ಎನ್ನುವುದು ಈ ಕಾರಣಕ್ಕೆ.

ಆಗಬೇಕಾದದ್ದು ಮೂರು. ಹೈಕೋರ್ಟು ಈ ಪ್ರಶ್ನೆಯನ್ನು ಪೂರ್ಣಪೀಠಕ್ಕೆ ಒಪ್ಪಿಸಿ, ನೆಕ್ಕಂಟಿ ತೀರ್ಪಿನ ಆಧಾರ 2023ರ ತಿದ್ದುಪಡಿಯಿಂದ ಹೋಯಿತೇ ಎಂಬುದನ್ನು ನೇರವಾಗಿ ವಿಚಾರಿಸಲಿ. ಉಪೇಕ್ಷೆ ಹೇಳುವ ಮುನ್ನ ರಾಜ್ಯದ ಉಪೇಕ್ಷೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಲಿ. ರಾಜ್ಯ ಸರ್ಕಾರ ತಿದ್ದುಪಡಿ ತಂದೆವೆಂದು ಬೀಗಿ ಕೂರದೆ ಅದನ್ನು ಮೇಲಿನ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಸಮರ್ಥಿಸಲಿ. ನಾಲ್ಕು ತಾಲ್ಲೂಕುಗಳ ಮಂಜೂರಾತಿ ರಿಜಿಸ್ಟರನ್ನು ಇಂದಿನ ಪಹಣಿಯ ಜೊತೆ ಹೋಲಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ, ಸ್ವಯಂಪ್ರೇರಿತ ಕ್ರಮವನ್ನು ಉಪವಿಭಾಗಾಧಿಕಾರಿಗೆ ಕಡ್ಡಾಯ ಮಾಡಲಿ. ನಾವು, ಓದುವವರು ಬರೆಯುವವರು, ನ್ಯಾಯಮೂರ್ತಿಗಳನ್ನು ಅಳೆಯುವ ರೀತಿ ಬದಲಿಸಿಕೊಳ್ಳಬೇಕು. ಬೀಳ್ಕೊಡುಗೆಯ ದಿನ ಅವರ ನಾಲ್ಕು ಸುದ್ದಿಯಾದ ತೀರ್ಪುಗಳನ್ನು ಎಣಿಸಿ ಉದಾರಿ ಎಂದೋ ಸಂಪ್ರದಾಯವಾದಿ ಎಂದೋ ಹೆಸರಿಡುವುದು ಸಾಲದು. ಹೆಸರಿಲ್ಲದ ನೂರು ಕಂದಾಯ ರಿಟ್‌ಗಳಲ್ಲಿ ಅನುಮಾನದ ಲಾಭವನ್ನು ಯಾರಿಗೆ ಕೊಟ್ಟರು ಎಂದು ಕೇಳಬೇಕು.

ಸಮಾನತೆ ಸಂವಿಧಾನದ 14ನೇ ವಿಧಿಯಲ್ಲಿ ಒಂದೇ ವಾಕ್ಯ. ಕನಕಪುರದ ಸರ್ವೆ ನಂಬರಿನವರೆಗೆ ಅದು ಬರಬೇಕಾದರೆ ಹೈಕೋರ್ಟಿನ ನ್ಯಾಯಮೂರ್ತಿಯ ವಿವೇಚನೆಯ ಮೂಲಕವೇ ಬರಬೇಕು. ಆ ವಿವೇಚನೆ ಬಲಹೀನನ ತಡವನ್ನು ಎಣಿಸಿ, ಬಲವಂತನ ಸ್ವಾಧೀನವನ್ನು ಎಣಿಸದೆ ಬಿಟ್ಟರೆ, ಅದು ತಟಸ್ಥ ನ್ಯಾಯವಲ್ಲ. ಅದೊಂದು ಪಕ್ಷ. ಅದನ್ನು ಪಕ್ಷ ಎಂದು ಕರೆಯುವ, ಮತ್ತೆ ವಿಚಾರಿಸಿ ಎಂದು ಕೇಳುವ ಹಕ್ಕು ನಮ್ಮದು. ಅದಕ್ಕೆ ಯಾವ ಕಾಲಮಿತಿಯೂ ಇಲ್ಲ.